ಕಾವೇರಿಯ ಉಪನದಿಗೆ ಕಾವೇರಿಯೇ ಉಗಮ

ಬೆಂಗಳೂರಿನ ವೃಷಭಾವತಿ ನದಿ ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಇಂದಿನ ವೃಷಭಾವತಿಯ ಉಗಮಸ್ಥಾನ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಅಲ್ಲಿ ಕಾವೇರಿಯನ್ನು ಪಂಪಿಗೆ ಹತ್ತಿಸಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆರಡು ಸಲ ಎತ್ತಿ, ಸುಮಾರು 100 ಕಿ.ಮೀ. ದೂರದಿಂದ, 500 ಮೀಟರ್ ಮೇಲಕ್ಕೆ ತಂದು ಬೆಂಗಳೂರಿನ ಕಮೋಡುಗಳಿಗೆ ಬಿಡಲಾಗುತ್ತದೆ. ಅಲ್ಲಿಂದ ಮುಂದಿನ ಪ್ರಯಾಣಕ್ಕೆ ಕರೆಂಟು ಬಿಲ್ಲಿಲ್ಲ. ಮೈಸೂರು ರಸ್ತೆಯ ಪಕ್ಕದಲ್ಲೇ ಇಳಿದು ನಾಯಂಡಹಳ್ಳಿ, ಕೆಂಗೇರಿ, ಬಿಡದಿ ಬಳಿಯ ಬೈರಮಂಗಲ ಕೆರೆ, ಕನಕಪುರದ ಕಡೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿ. ಎರವಲು ತಂದ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸುವುದೆಂದರೆ ಇದೇ. (ಊರಿನ ಪೂರ್ವದ ಇಳಿಜಾರಿನವರು ಈ ಉಪಕಾರವನ್ನು ದಕ್ಷಿಣ ಪಿನಾಕಿನಿಗೆ ಮಾಡುತ್ತಾರೆ.)

ನಲ್ಲಿಯಲ್ಲಿ 100 ಲೀಟರ್ ಬಂದರೆ 80 ಲೀಟರ್ ಚರಂಡಿಗೆ ಎಂಬುದು ಎಂಜಿನಿಯರುಗಳ ಲೆಕ್ಕ. ಹಾಗಾಗಿ ಏಪ್ರಿಲ್ ಬಿಸಿಲಿಗೂ ಈ ಹೊಳೆ ಬತ್ತುವುದಿಲ್ಲ. 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ, ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತಕ್ಕೂ ಚಾಲನೆ ಸಿಕ್ಕಿತು. ಅದನ್ನು ನದಿ ಪುನಶ್ಚೇತನ ಯೋಜನೆ ಎಂದು ಯಾರೂ ಕರೆಯದಿದ್ದುದೇ ಆಶ್ಚರ್ಯ.

ಇನ್ನು ಉಪನದಿಗಳು. ಇವು ಹುಟ್ಟುವ ಕ್ರಮ ಸರಳ. ನೀರು ತಾನಾಗಿ ಇಳಿಯಲಿ ಎಂದು ಒಳಚರಂಡಿಯ ದೊಡ್ಡ ಕೊಳವೆಯನ್ನೂ ಮಳೆನೀರು ಹರಿಯುವ ರಾಜಕಾಲುವೆಯ ಮಗ್ಗುಲಲ್ಲೇ, ಕೆಲವೆಡೆ ಅದರ ಒಡಲಲ್ಲೇ ಹಾಕಿರುತ್ತಾರೆ. ಕೊಳವೆಯಲ್ಲಿ ಹೂಳು, ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ. ಕೊಳಚೆ ಹಿಂದಕ್ಕೆ ಒತ್ತಿ ಮೇಲಿನ ಬೀದಿಯ ಸ್ನಾನದಮನೆಗಳಲ್ಲಿ ಉಕ್ಕುತ್ತದೆ. ಕೊಳವೆ ಬಿಡಿಸಲು ರಭಸದಿಂದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ಬರಬೇಕು. ಮ್ಯಾನ್‌ಹೋಲಿನ ಕಾಲುವೆ ಕಡೆಯ ಗೋಡೆಗೆ ತೂತು ಹೊಡೆಯಲು ಒಂದು ಹಾರೆ ಸಾಕು. ಗೋಡೆ ಒಡೆಯಿತು, ದೂರು ಇತ್ಯರ್ಥವಾಯಿತು, ಉಪನದಿಯೊಂದು ಉದ್ಭವಿಸಿತು. ಮಳೆ ಬಂದಾಗ ಅದೇ ತೂತಿನಿಂದ ಕಾಲುವೆಯ ನೀರು ಕೊಳವೆಗೆ ನುಗ್ಗಿ, ಕೆಳಗಿನ ಮ್ಯಾನ್‌ಹೋಲ್ ಮುಚ್ಚಳಗಳನ್ನು ಎಬ್ಬಿಸುತ್ತದೆ. ಎರಡೂ ದಿಕ್ಕಿಗೆ ಹರಿಯುವ ಉಪನದಿ ಇನ್ನೆಲ್ಲಿದೆ ಹೇಳಿ! ತೂತಿಗೆ ಹೊಣೆ ಯಾರು? ಕೊಳವೆ ಜಲಮಂಡಳಿಯದು, ಕಾಲುವೆ ಪಾಲಿಕೆಯದು. ತೂತು ನಡುವೆ ಇದೆ.

ನದಿಪಾತ್ರ ಅಳೆಯುವ ವಿದ್ಯೆಯೂ ಕಡಿಮೆಯದಲ್ಲ. ನಗರದ 2015ರ ಪರಿಷ್ಕೃತ ಮಹಾನಕ್ಷೆಯ ಪ್ರಕಾರ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಅಂತರ), ದ್ವಿತೀಯಕ್ಕೆ 25, ತೃತೀಯಕ್ಕೆ 15. ಅಳತೆ ಮಾತ್ರ ಕಾಲುವೆಯ ನಟ್ಟನಡುವಿನಿಂದ. ಕಾಲುವೆ 40 ಮೀಟರ್ ಅಗಲವಿದ್ದರೆ ಮೊದಲ 20 ಮೀಟರ್ ಬಫರ್ ನೀರಿನೊಳಗೇ ಮುಗಿದುಹೋಗುತ್ತದೆ. ಅಲ್ಲಿ ಮನೆ ಕಟ್ಟುವ ಹಾಗಿಲ್ಲ ಎಂದು ಮೀನುಗಳು ತಿಳಿದುಕೊಳ್ಳಬೇಕು. ಅಂಚಿನಿಂದ ಅಳೆಯಿರಿ ಎಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿಟ್ಟ ಮೇಲೆ ಟೇಪಿನ ತುದಿ ಮತ್ತೆ ನೀರಿನ ನಡುವೆ.

ಬೈರಮಂಗಲದಲ್ಲಿ ನದಿ ನೊರೆಯಾಗಿ ಪ್ರಕಟವಾಗುತ್ತದೆ. ಸೋಪಿನ ಪುಡಿಯ ಅಂಶ ವಿಘಟನೆಯಾಗದೆ ಉಳಿದ ನೀರು ಕಟ್ಟೆಯಿಂದ ಧುಮುಕುವಾಗ ಗಾಳಿ ಸೇರಿ ಬುರುಗು ಏಳುವುದು ಸಹಜ. ಇದಕ್ಕೆ ಪರಿಹಾರವಾಗಿ ಕೊಳಚೆ ಕೆರೆಗೆ ಇಳಿಯದಂತೆ ಕೆರೆಯನ್ನು ಬಳಸಿಹೋಗುವ ಕಾಲುವೆಯ ಯೋಜನೆ ಬಂತು. ಬಳಸಿ ಹೋಗುವುದೆಲ್ಲಿಗೆ ಅಂದಿರಾ? ಕೆರೆಯ ಕೆಳಗಿನ ಅದೇ ಹೊಳೆಗೆ. ಕೆರೆಯೂ ಕ್ಷೇಮ, ಕೊಳಚೆಯೂ ಕ್ಷೇಮ. ಮಿಕ್ಕದ್ದನ್ನು ಕನಕಪುರದವರು ನೋಡಿಕೊಳ್ಳುತ್ತಾರೆ.