ವರನಿಗೆ ಸೈಕಲ್ ಇದೆ, ಗಾಡಿ ನಂಬರ್ ಕೇಳಬೇಡಿ

ಕಾರಿಲ್ಲದ ಹುಡುಗನಿಗೆ ಈಗ ಹೆಣ್ಣು ಕೊಡುವವರಿಲ್ಲ. ಇದು ಮದುವೆ ಬ್ರೋಕರ್ ಹೇಳಿದ್ದಲ್ಲ. 2025ರಲ್ಲಿ ಸುರಂಗ ರಸ್ತೆಯ ಜಗಳ ಜೋರಾಗಿದ್ದಾಗ ಬೆಂಗಳೂರು ಅಭಿವೃದ್ಧಿಯ ಹೊಣೆ ಹೊತ್ತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಡಿದ ಮಾತಿನ ಸಾರ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ನೆಲ ಕೊರೆಯುವುದು ಯಾತಕ್ಕೆ ಎಂದು ತಲೆ ಕೆಡಿಸಿಕೊಂಡಿದ್ದವರಿಗೆ ಅಂತೂ ಉತ್ತರ ಸಿಕ್ಕಿತು: ಕನ್ಯಾಪಿತೃಗಳ ಸಮಾಧಾನಕ್ಕೆ. ಖರ್ಚಿನ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಸಾಮೂಹಿಕ ವಿವಾಹಕ್ಕೆ ಸರ್ಕಾರ ಇಷ್ಟು ಧಾರಾಳವಾಗಿ ಹಿಂದೆಂದೂ ಕೈಬಿಚ್ಚಿರಲಿಲ್ಲ.

ಆದರೂ ಕೆಲವು ಹಟಮಾರಿ ವರಗಳು ಇರುತ್ತವೆ. ಆಫೀಸು ಹತ್ತು ಕಿಲೋಮೀಟರ್, ಸೈಕಲ್ಲಿನಲ್ಲೇ ಹೋಗುತ್ತೇನೆ ಅನ್ನುವ ಜಾತಿ. ಅವರ ಲೆಕ್ಕವೂ ಪೂರ್ತಿ ಹುಚ್ಚಿನದಲ್ಲ. ಟಾಮ್‌ಟಾಮ್ ಕಂಪನಿಯ 2022ರ ಸಂಚಾರ ದಟ್ಟಣೆ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಕಾರು 10 ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಆರಾಮಾಗಿ ಗಂಟೆಗೆ 15 ಕಿಲೋಮೀಟರ್‌ನಂತೆ ಪೆಡಲ್ ತುಳಿದರೆ 40 ನಿಮಿಷ. ಉಳಿದ ಹನ್ನೊಂದು ನಿಮಿಷವನ್ನು ಕಾರಿನವರು ಮೂರನೇ ಬೇಸ್‌ಮೆಂಟಿನಲ್ಲಿ ಕಂಬ ಸುತ್ತುತ್ತಾ, ಲಿಫ್ಟಿಗೆ ಕಾಯುತ್ತಾ ತೀರಿಸುತ್ತಾರೆ. ಅಂದರೆ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಪಂಚ್ ಮಾಡುತ್ತಾರೆ. ಇದನ್ನು ಹೆಣ್ಣಿನ ಕಡೆಯವರಿಗೆ ಹೇಳಿ ಪ್ರಯೋಜನವಿಲ್ಲ.

ವರನಿಗೆ ಮೊದಲ ಪರೀಕ್ಷೆ ಗಾಳಿಯದ್ದು. ನಮ್ಮ ರಸ್ತೆಗೆ 35ರಿಂದ 40 ಮಿಲಿಮೀಟರ್ ಅಗಲದ ಟೈರೇ ಸರಿ; ಒತ್ತಡ ಎಷ್ಟಿರಬೇಕೆಂದು ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 50ರಿಂದ 70 ಪಿಎಸ್‌ಐ ಆಸುಪಾಸು. ಬಂಕಿನ ಗಾಳಿ ಯಂತ್ರ ಕಾರಿಗೆಂದು 33ಕ್ಕೆ ಸೆಟ್ ಆಗಿರುತ್ತದೆ. ಅದರ ಮೂತಿ ಕೂರುವುದು ಕಾರಿನಂಥ ದಪ್ಪ ವಾಲ್ವಿಗೆ ಮಾತ್ರ. ಸಣ್ಣ ಪ್ರೆಸ್ಟಾ ವಾಲ್ವ್ ಇದ್ದರೆ ಜೇಬಿನಲ್ಲಿ ಹಿತ್ತಾಳೆಯ ಅಡಾಪ್ಟರ್ ಇರಲೇಬೇಕು. ಹೇಗೋ ಕೂರಿಸಿದಿರಿ ಅನ್ನಿ, 33 ಆದ ಕೂಡಲೇ ಬಂಕಿನ ಹುಡುಗ ಪೈಪ್ ಎಳೆದುಕೊಳ್ಳುತ್ತಾನೆ: "ಸಾಕು ಸಾರ್, ಸೈಕಲ್ಲು, ಒಡೆದೋಗುತ್ತೆ." ಒಡೆಯುವುದು ಅಲ್ಲಲ್ಲ, ಮುಂದಿನ ಗುಂಡಿಯ ಅಂಚಿನಲ್ಲಿ. ಗಾಳಿ ಕಮ್ಮಿಯಾದ ಟೈರು ಅಂಚಿಗೆ ಬಡಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿಕೊಳ್ಳುತ್ತದೆ, ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದರೆ ಅಲ್ಲಿ ಬೈಕು ಉಂಟು, ಕಾರು ಉಂಟು, "ಸೈಕಲ್ ಮಾಡಲ್ಲ ಸಾರ್". ಹಾಗಾಗಿ ಒಂದು ಸ್ಪೇರ್ ಟ್ಯೂಬು, ಎರಡು ಟೈರ್ ಲಿವರ್, ಕೈಪಂಪು ಬ್ಯಾಗಿನಲ್ಲೇ ಇರಲಿ.

ಇನ್ನು ಸೈಕಲ್ ಪಥ. ಇಲ್ಲ ಎಂದವರು ಯಾರು? ಜಯನಗರದಲ್ಲಿ ಗೆರೆ ಎಳೆದು ಪಥ ಮಾಡಿದ್ದರು, ಇಂದು ಅದು ಕಾರು ನಿಲ್ಲಿಸಲು ಬಲು ಅನುಕೂಲ; ಗೆರೆ ನೋಡಿಕೊಂಡು ನೇರವಾಗಿ ನಿಲ್ಲಿಸಬಹುದು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಪಾಪ್-ಅಪ್ ಪಥ ಬಂತು. ಹೆಸರಿಗೆ ತಕ್ಕಂತೆ ಮೇಲೆದ್ದಿತು, ಆಮೇಲೆ ಮೆಟ್ರೋ ಕಾಮಗಾರಿಯಲ್ಲಿ ಮುಳುಗಿತು. ಇದ್ದಷ್ಟು ದಿನವೂ ಪಥವನ್ನು ಗುಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ವಾಹನಗಳ ಚಕ್ರ ಸರಿಸಿದ ಮರಳು, ಗಾಜಿನ ಚೂರು, ಲಾರಿ ಟೈರ್ ಸಿಡಿದಾಗ ಉದುರುವ ಕೂದಲೆಳೆಯಂಥ ತಂತಿ, ಎಲ್ಲ ಬಂದು ಸೇರುವುದು ರಸ್ತೆಯ ಎಡ ಅಂಚಿಗೆ. ಗೂಟಗಳ ನಡುವಿನ ಕಿರುದಾರಿಗೆ ಗುಡಿಸುವ ಲಾರಿ ನುಗ್ಗಲಾರದು. ಈ ತಂತಿಯ ಚೇಷ್ಟೆ ಗೊತ್ತಿಲ್ಲದವರು ಪ್ಯಾಚ್ ಹಾಕಿಸಿ ಎರಡು ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಪಂಕ್ಚರ್ ಮಾಡಿಕೊಂಡು ಪಂಕ್ಚರ್ ಅಂಗಡಿಯವನನ್ನು ಬೈಯುತ್ತಾರೆ. ತಂತಿ ಟೈರಿನೊಳಗೆ ಕೂತೇ ಇರುತ್ತದೆ, ಹೊರಗಿನಿಂದ ಕಾಣದು. ಹತ್ತಿ ಬಟ್ಟೆಯ ತುಂಡನ್ನು ಟೈರಿನ ಒಳಮೈಗೆ ಸುತ್ತಲೂ ಒರೆಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇಕ್ಕುಳ ಹಾಕಿ ಕೀಳಿ.

ಮಳೆಗಾಲದಲ್ಲಿ ಚರಂಡಿಯ ಕಬ್ಬಿಣದ ಜಾಲರಿಗಳೂ ಇವೆ. ಪಟ್ಟಿಗಳು ರಸ್ತೆಗೆ ಅಡ್ಡಡ್ಡ ಇದ್ದರೆ ಸೈಕಲ್ ದಾಟುತ್ತದೆ, ಉದ್ದುದ್ದ ಇದ್ದರೆ ಮುಂದಿನ ಚಕ್ರ ಒಳಗೆ, ಸವಾರ ಮುಂದೆ. ಯಾವ ಕಡೆ ತಿರುಗಿಸಿ ಕೂರಿಸಬೇಕೆಂಬುದು ಗುತ್ತಿಗೆದಾರರ ಕಲಾಸ್ವಾತಂತ್ರ್ಯ.

ರಸ್ತೆ ಸಹವಾಸವೇ ಬೇಡ, ಮೆಟ್ರೋ ಇದೆಯಲ್ಲ ಎನ್ನುವವರಿಗೂ ಶುಭ ಸುದ್ದಿ ಉಂಟು. ಮಡಚುವ ಸೈಕಲ್ಲನ್ನು ನಮ್ಮ ಮೆಟ್ರೋದಲ್ಲಿ ಒಯ್ಯಬಹುದು, ಪ್ರತ್ಯೇಕ ಶುಲ್ಕವಿಲ್ಲ, ಕೊನೆಯ ಬೋಗಿ. ಷರತ್ತು ಇಷ್ಟೇ: ಮಡಚಿದಾಗ 60 ಸೆಂಟಿಮೀಟರ್ ಉದ್ದ, 45 ಅಗಲ, 25 ಎತ್ತರ ಮೀರಕೂಡದು, ತೂಕ 15 ಕಿಲೋ ಒಳಗಿರಬೇಕು. ಸಂತೋಷ. ಈಗ ಟೇಪು ಹಿಡಿಯೋಣ. ಮಡಚುವ ಸೈಕಲ್ಲುಗಳಲ್ಲಿ ಹೆಚ್ಚಿನವು 20 ಇಂಚು ಚಕ್ರದವು. ಆ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 406 ಮಿಲಿಮೀಟರ್. ಮೇಲೂ ಕೆಳಗೂ ತಲಾ 45 ಮಿಲಿಮೀಟರ್ ಟೈರು ಸೇರಿದರೆ ಚಕ್ರವೊಂದೇ ಸುಮಾರು 50 ಸೆಂಟಿಮೀಟರ್. 60ರ ಬದಿಗೆ ಸರಿ, 45ರ ಬದಿಗೆ ಐದು ಸೆಂಟಿಮೀಟರ್ ಹೊರಗೆ. ಚೌಕಟ್ಟು, ಹ್ಯಾಂಡಲ್, ಸೀಟು, ಇನ್ನೊಂದು ಚಕ್ರ ಎಲ್ಲ ಮನೆಯಲ್ಲೇ ಬಿಟ್ಟು ಒಂದೇ ಚಕ್ರ ಹಿಡಿದು ಬಂದರೂ ನಿಯಮ ಮುರಿದಂತಾಯಿತು. ಮಡಚುವುದಕ್ಕೇ ಜಗತ್ಪ್ರಸಿದ್ಧವಾದ, 16 ಇಂಚು ಚಕ್ರದ ಬ್ರಾಂಪ್ಟನ್ ಕೂಡ ಸುಮಾರು 65, 59, 27 ಸೆಂಟಿಮೀಟರ್. ಮೂರು ಅಳತೆಯಲ್ಲೂ ಫೇಲು. ಅಳತೆ ಎಲ್ಲಿಂದ ಬಂತೆಂದು ಸಂಶೋಧನೆ ಬೇಡ, ಅದು ಪ್ರಯಾಣಿಕರ ಸೂಟ್‌ಕೇಸಿನ ಅಳತೆ. ವರನು ಸೈಕಲ್ಲನ್ನು ಸೂಟ್‌ಕೇಸಾಗಿ ಮಡಚುವ ವಿದ್ಯೆ ಕಲಿತ ದಿನ ಕೊನೆಯ ಬೋಗಿ ಅವನದೇ.

ತೆರಿಗೆಯಲ್ಲಿ ಮಾತ್ರ ಸರ್ಕಾರ ಎರಡೂ ಮಕ್ಕಳನ್ನು ಒಂದೇ ಸಮ ನೋಡಿಕೊಂಡಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ 5ಕ್ಕೆ, ಸಣ್ಣ ಕಾರಿನದ್ದು 28ರಿಂದ 18ಕ್ಕೆ ಇಳಿಯಿತು. 20 ಸಾವಿರದ ಸೈಕಲ್ಲಿನಲ್ಲಿ ಉಳಿಯುವುದು 1,250 ರೂಪಾಯಿ, ಒಂದು ಒಳ್ಳೆಯ ಬೀಗಕ್ಕಾಯಿತು. ಕಾರಿನಲ್ಲಿ ಉಳಿಯುವ ದುಡ್ಡಿಗೆ ಅಂಥ ಮೂರು ಸೈಕಲ್ ಬರುತ್ತವೆ.

ಸೈಕಲ್ಲಿಗೆ ಗೌರವವೇ ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಪ್ರತಿ ಜೂನ್ 3ರಂದು ವಿಶ್ವ ಸೈಕಲ್ ದಿನ. ಗಣ್ಯರ ಸೈಕಲ್ಲು ಟೆಂಪೋದಲ್ಲಿ ಬರುತ್ತದೆ, ಗಣ್ಯರು ಕಾರಿನಲ್ಲಿ ಬರುತ್ತಾರೆ, ಮುಂದೆ ಪೈಲಟ್ ಜೀಪು, ಹಿಂದೆ ಆಂಬುಲೆನ್ಸು, ಟ್ರಾಫಿಕ್ ಬಂದ್. ಅಷ್ಟು ಬಂದೋಬಸ್ತು ಇದ್ದರೆ ನಮ್ಮ ವರನೂ ನಿಶ್ಚಿಂತೆಯಿಂದ ಮಾರತ್‌ಹಳ್ಳಿ ಮುಟ್ಟಿಯಾನು. ಅಂದ ಹಾಗೆ ಅಟ್ಲಾಸ್ ಸೈಕಲ್ ಕಂಪನಿಯ, ದಿಲ್ಲಿ ಬಳಿಯ ಸಾಹಿಬಾಬಾದ್ ಕಾರ್ಖಾನೆಗೆ ಬೀಗ ಬಿದ್ದದ್ದೂ ಜೂನ್ 3ರಂದೇ, 2020ರಲ್ಲಿ. ಶುಭಾಶಯದ ಫ್ಲೆಕ್ಸ್ ನಡುವೆ ಯಾರ ಗಮನಕ್ಕೂ ಬಂದಿರಲಾರದು.

ಇಷ್ಟೆಲ್ಲ ದಾಟಿ ವರ ಮಾಲ್ ಮುಟ್ಟಿದ ಎನ್ನಿ. ಅಲ್ಲಿ ಒಂದು ಕಾರಿನ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಸ್ಟ್ಯಾಂಡ್ ಇಟ್ಟರೆ ಹತ್ತು ಸೈಕಲ್ ನಿಲ್ಲುತ್ತವೆ. ಗೇಟಿನಲ್ಲಿ ಟೋಕನ್ ಯಂತ್ರ. "ಗಾಡಿ ನಂಬರ್ ಹೇಳಿ ಸಾರ್." ಸೈಕಲ್ಲಿಗೆ ನಂಬರ್ ಇಲ್ಲ. "ನಂಬರ್ ಹಾಕದೆ ಚೀಟಿ ಬರಲ್ಲ ಸಾರ್." ಹಿಂದೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದವು, ಆಗ ಶಪಿಸಿದ ಅಜ್ಜಂದಿರ ಬಿಲ್ಲೆ ಅಟ್ಟದಲ್ಲಿದ್ದರೆ ಹುಡುಕಿಡಿ, ಯಂತ್ರಕ್ಕೆ ಅದಾದರೂ ಸಾಕಾದೀತು. ಚೀಟಿ ಇಲ್ಲದೆ ಒಳಗೆ ಬಿಡುವಂತಿಲ್ಲ, ಗೇಟಿನ ಹೊರಗೆ ನಿಲ್ಲಿಸಿದರೆ ಕಳುವಿಗೆ ಹೊಣೆಯಿಲ್ಲ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತವೆ. ಸೆಕ್ಯುರಿಟಿಯವರು ಆಚೀಚೆ ನೋಡಿ ದನಿ ತಗ್ಗಿಸುತ್ತಾರೆ: "ಹಿಂದ್ಗಡೆ ಜನರೇಟರ್ ಪಕ್ಕ ನಂದೂ ಒಂದು ಸೈಕಲ್ ಐತೆ ಸಾರ್. ಅದಕ್ಕೆ ಒರಗಿಸಿ ಬೀಗ ಹಾಕ್ಬಿಡಿ. ಸೂಪರ್‌ವೈಸರ್ ಕೇಳಿದ್ರೆ ಎರಡೂ ನಂದೇ ಅಂತೀನಿ."