ಮೀನು ಹತ್ತುವ ಹೊತ್ತಿಗೆ ಹೊಳೆಗೆ ರಜೆ

ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ನನ್ನೂರು ತೀರ್ಥಹಳ್ಳಿ ಹತ್ತಿರ, ತುಂಗೆಗೆ ಸೇರುವ ಒಂದು ಹಳ್ಳದ ಪಕ್ಕ. ಈಗ ರಾತ್ರಿ ಊಟ ಆದಮೇಲೆ ನಾನು ನೋಡುವುದು ಫ್ಲೈ ಫಿಶಿಂಗ್ ವಿಡಿಯೋ. ಒಂದು ದಿನ ನ್ಯೂಜಿಲೆಂಡ್, ಇನ್ನೊಂದು ದಿನ ಐಸ್‌ಲ್ಯಾಂಡ್, ಮತ್ತೊಂದು ದಿನ ಹಿಮಾಚಲದ ತೀರ್ಥನ್ ಹೊಳೆ. ಕಲ್ಲಿನ ಮೇಲೆ ನೀರು ಹರಿಯುವ ಸದ್ದು ಕೇಳಿದರೆ ಸಾಕು, ಮನೆ ನೆನಪಾಗುತ್ತದೆ.

ನಮ್ಮ ಗಾಳ ಗೊತ್ತಲ್ವಾ? ಬಿದಿರ ಕೋಲು, ದಾರ, ಬೆಂಡು, ಎರೆಹುಳ. ಫ್ಲೈ ಫಿಶಿಂಗ್‌ನಲ್ಲಿ ಎರೆಹುಳ ಇಲ್ಲ. ಪುಕ್ಕ, ಕೂದಲು, ನೂಲು ಸುತ್ತಿ ಕೊಕ್ಕೆಯ ಮೇಲೇ ಒಂದು ಹುಳ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಎಲ್ಲಿ ಹೋಗುತ್ತದೆ? ಅದಕ್ಕೇ ದಾರವೇ ದಪ್ಪ, ಅದರ ಭಾರಕ್ಕೇ ಹುಳ ಸಾಗಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಪೂರ್ತಿ ಚಾಚುವವರೆಗೆ ಅರೆಗಳಿಗೆ ತಡೆದು, ಆಮೇಲೆ ಮುಂದಕ್ಕೆ ಬೀಸುತ್ತಾರಲ್ಲ, ಅದನ್ನು ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ.

ಅದಕ್ಕಿಂತ ಜಾಸ್ತಿ ಇಷ್ಟ, ಅವರು ಸುಮ್ನೆ ನೀರು ನೋಡುತ್ತಾ ನಿಲ್ಲುವುದು. ಕಲ್ಲು ಎತ್ತಿ ಅಡಿಯಲ್ಲಿ ಯಾವ ಹುಳ ಇದೆ ಅಂತ ಹುಡುಕುತ್ತಾರೆ. ಮೇಫ್ಲೈ ಅನ್ನುವ ಹುಳದ ಮರಿಗಳು ತಿಂಗಳುಗಟ್ಟಲೆ ನೀರೊಳಗೇ ಬೆಳೆಯುತ್ತವೆ, ರೆಕ್ಕೆ ಬಂದಮೇಲೆ ಏನೂ ತಿನ್ನದೆ ಒಂದೆರಡು ದಿನದಲ್ಲಿ ಸಾಯುತ್ತವೆ. ಅವು ಮೇಲೆ ಬರುವ ಸಂಜೆಗೇ ಟ್ರೌಟ್ ಅನ್ನುವ ಮೀನು ಕಾದಿರುತ್ತದೆ. ನಾವೂ ಹಳ್ಳದಲ್ಲಿ ಕಲ್ಲು ಎತ್ತಿದವರೇ, ಆದರೆ ಏಡಿಗೆ. ಹುಳದ ಕಡೆ ಕಣ್ಣೇ ಹೋಗಲಿಲ್ಲ.

ಈಗ ಹತ್ತುಮೀನಿನ ವಿಷಯ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಬಂದಾಗ ಮೀನು ಗದ್ದೆಯವರೆಗೂ ಹತ್ತುತ್ತವೆ. ಬ್ಯಾಟರಿ, ಕತ್ತಿ, ಮೀನು ಹಿಡಿಯುವ ಕೂಳಿ ಹಿಡಿದು ರಾತ್ರಿಯಿಡೀ ನೆನೆದ ಸಂಭ್ರಮ ನಾನು ಮರೆಯುವವನಲ್ಲ. ಆದರೆ ಆ ಮೀನು ಹತ್ತುವುದೇ ಮೊಟ್ಟೆ ಇಡಲು. ಅಜ್ಜಿ ಮೀನು ಸೀಳಿದರೆ ಬಟ್ಟಲು ತುಂಬ ಮೊಟ್ಟೆ ಬರುತ್ತಿತ್ತು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಬಹಳಷ್ಟು ಹೊಳೆಗಳಲ್ಲಿ ಮೀನು ಹಿಡಿಯಲು ಬಿಡುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ನಾವು ಕತ್ತಿ ಮಸೆಯುವ ಜೂನ್ ತಿಂಗಳಲ್ಲಿ ಅಲ್ಲಿ ಟ್ರೌಟ್ ಮೊಟ್ಟೆ ಇಡುತ್ತಿರುತ್ತದೆ, ಆ ಹೊಳೆಗಳಿಗೆ ರಜೆ. ಹಿಡಿದ ಟ್ರೌಟ್ ಮಾರುವ ಹಾಗೂ ಇಲ್ಲ. ಅದೂ 1860ರ ದಶಕದಲ್ಲಿ ಹೊರಗಿಂದ ತಂದು ಬಿಟ್ಟ ಮೀನು! ಅದರಿಂದ ಅಲ್ಲಿನ ಸ್ವಂತ ಸಣ್ಣ ಮೀನುಗಳಿಗೆ ಪೆಟ್ಟೂ ಬಿದ್ದಿದೆ, ಹಾಗಾಗಿ ನಮ್ಮ ಹೊಳೆಗೆ ಟ್ರೌಟ್ ಬರಲಿ ಅಂತ ನಾನು ಹೇಳುವುದಿಲ್ಲ. ತಂದ ಮೀನಿಗೇ ಅಷ್ಟು ಕಾವಲು ಇರುವಾಗ, ನಮ್ಮ ಹಳ್ಳದಲ್ಲೇ ಹುಟ್ಟಿದ ಮೀನಿಗೆ ಎರಡು ತಿಂಗಳು ಬಿಡಲು ಆಗುವುದಿಲ್ಲವೇ?

ಹಿಡಿದು ಮತ್ತೆ ಬಿಡುವ ಅವರ ಪದ್ಧತಿ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಿನ್ನದಿದ್ದರೆ ಚುಚ್ಚುವುದು ಯಾಕೆ ಅಂತ ನಮ್ಮಜ್ಜ ಕೇಳುತ್ತಿದ್ದರು. ಶೃಂಗೇರಿಯಲ್ಲಿ, ಚಿಪ್ಪಲಗುಡ್ಡೆಯಲ್ಲಿ ನಮ್ಮ ಜನ ಗಾಳವನ್ನೇ ಹಾಕದೆ ತುಂಗೆಯ ಮೀನು ಉಳಿಸಿಕೊಂಡಿದ್ದಾರೆ. ತಡೆದುಕೊಳ್ಳುವುದು ನಮಗೂ ಗೊತ್ತು.

ಮೊನ್ನೆ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, ಈ ಸಲ ಕೂಳಿ ಅಟ್ಟದ ಮೇಲೇ ಇರಲಿ ಅಣ್ಣ ಅಂದೆ. "ಮೊದಲ ಮಳೆಗೆ ಬಿಟ್ರೆ ಇನ್ಯಾವಾಗ ಮಾರಾಯ?" ಅಂದ. ದೀಪಾವಳಿ ಕಳೀಲಿ, ನಾನೂ ಬರ್ತೀನಿ, ಇಬ್ರೂ ಗಾಳ ಹಾಕೋಣ ಅಂದಿದ್ದೇನೆ.