ಹೆಬ್ಬೆಟ್ಟಿನ ಪುನರ್ಜನ್ಮ

ಇ-ಕೆವೈಸಿ, ಅಂದರೆ ಯಂತ್ರಕ್ಕೆ ಬೆರಳೊತ್ತಿ ಗುರುತು ಖಾತ್ರಿಪಡಿಸುವ ಕೆಲಸ, ಮಾಡಿಸದವರ ಹೆಸರು ಪಡಿತರ ಚೀಟಿಯಿಂದ ಹಾರಿಹೋಗಲಿದೆ ಎಂಬ ಎಚ್ಚರಿಕೆಯನ್ನು ಓದಿ ನನಗೆ ಹೆಮ್ಮೆಯೇ ಆಯಿತು. ಹೆಬ್ಬೆಟ್ಟಿಗೆ ಇಷ್ಟು ಮರ್ಯಾದೆ ಸಿಕ್ಕ ಕಾಲವನ್ನು ನಾನು ಕಂಡಿರಲಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭಿಸಿ, ಅಜ್ಜಿಯರ ಕೈ ಹಿಡಿದು ಹೆಸರು ತಿದ್ದಿಸಿ, ‘ಹೆಬ್ಬೆಟ್ಟು’ ಎಂಬ ಬೈಗುಳದಿಂದ ಅವರನ್ನು ಪಾರುಮಾಡಲು ಹೊರಟ ಸರ್ಕಾರವೇ ಈಗ ಸಹಿ ಬೇಡ, ಬೆರಳು ಕೊಡಿ ಎನ್ನುತ್ತಿದೆ. ಎಂ.ಎ. ಓದಿದವನೂ ಸೊಸೈಟಿಯ ಮುಂದೆ ಹೆಬ್ಬೆಟ್ಟೇ. ಸಮಾನತೆ ಬೇರೆ ಹೇಗೆ ಬಂದೀತು?

ಮಲೆನಾಡಿನಲ್ಲಿ ಮಾತ್ರ ಒಂದು ಸಣ್ಣ ತೊಡಕು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೂ ಹಸಿ ಅಡಿಕೆ ಸುಲಿಯುತ್ತಾರೆ. ಸಿಪ್ಪೆಯ ಒಗರು ಬೆರಳಿಗೆ ಕಪ್ಪಾಗಿ ಹತ್ತಿ, ನಿಂಬೆಹುಳಿಗೂ ಬಗ್ಗದೆ, ಹೆಬ್ಬೆರಳಿನ ಗೆರೆಗಳು ಸವೆದು ಹೊಳೆಕಲ್ಲಿನ ಹಾಗೆ ನುಣುಪಾಗುತ್ತವೆ. ಅದೇ ಅಡಿಕೆ ಶಿವಮೊಗ್ಗದ ಮಾರುಕಟ್ಟೆಗೆ ಬಂದಾಗ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಪಡೆಯುತ್ತದೆ; ಪ್ರತಿಯೊಂದರ ಧಾರಣೆಯೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸುಲಿದ ಬೆರಳಿಗೆ ಎರಡೇ ದರ್ಜೆ: ಯಂತ್ರ ಒಪ್ಪಿದ್ದು, ಒಪ್ಪದ್ದು.

ಬೆರಳು ಬಾರದಿದ್ದರೆ ಮೊಬೈಲಿಗೆ ಒಟಿಪಿ ಬರುತ್ತದಂತೆ. ಬರಲಿ, ಸಂತೋಷ. ಶರಾವತಿ ಹಿನ್ನೀರಿನ ಕೆಲವು ಊರುಗಳಲ್ಲಿ ಅದನ್ನು ಎದುರುಗೊಳ್ಳಲು ಗುಡ್ಡ ಹತ್ತಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ, ತೋಟ, ಮನೆಯನ್ನು ಬಿಟ್ಟುಕೊಟ್ಟು ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು, ಸಿಗ್ನಲ್ಲಿನ ಎರಡು ಕಡ್ಡಿಗಾಗಿ ಕೈ ಮೇಲೆತ್ತಿ ನಿಂತಿರುವ ದೃಶ್ಯವನ್ನು ಪ್ರವಾಸೋದ್ಯಮದವರು ಇನ್ನೂ ಕಂಡಂತಿಲ್ಲ.

2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದವರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯವನ್ನು ಹಕ್ಕಾಗಿ ಕೊಟ್ಟಿದೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 167 ಗ್ರಾಂ. ಅಷ್ಟಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಂಡು ಬಂದವಳನ್ನು, ಹತ್ತಾರು ವರ್ಷಗಳಿಂದ ಅದೇ ಅಂಗಡಿಯವನು ಹೆಸರು ಹಿಡಿದು ಮಾತನಾಡಿಸುವವಳನ್ನು, ನೀನು ನೀನೇ ಹೌದೋ ಎಂದು ಕೇಳಲು ನಮಗೆ ನಾಚಿಕೆಯಾಗಬೇಕಿತ್ತು. ಇದರಲ್ಲಿ ತಮಾಷೆ ಹುಡುಕಿ ನನಗೂ ಸಾಕಾಗಿದೆ.

ಕಳೆದ ವಾರ ನನ್ನ ಮುಂದಿದ್ದ ಹೆಂಗಸು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಆಗಲಿಲ್ಲ. “ತಲೆಗೂದಲಿಗೆ ಉಜ್ಜಿ ಇನ್ನೊಂದ್ಸಲ ಕೊಡಿ ಅಕ್ಕಾ” ಎಂದ ಅಂಗಡಿಯವನು. ಉಜ್ಜಿದಳು. ಐದನೆಯ ಸಲಕ್ಕೆ ಹಸಿರು ದೀಪ ಹೊತ್ತಿತು. ಅವಳು ಚೀಲ ಬಿಡಿಸುವಷ್ಟರಲ್ಲಿ ಸರ್ವರ್ ಹೋಯಿತು.